ಮರಳದಿಬ್ಬದ ಮೊಟ್ಟೆಗಳು

"ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕಾ, ದೋಣಿ ವಾಲ್ತಿದೆ," ಎಂದ ಅಂಬಿಗ.

ತಂಗಿ ಬಗ್ಗಿ ಅಣ್ಣನ ಕಾಲುಗಳನ್ನು ಹಿಡಿದುಕೊಂಡಳು. ಹೊದಿಸಿದ ಬಟ್ಟೆ ಸಾಲದೆ ಪಾದಗಳು ಹೊರಗಿದ್ದವು. ಸ್ಮಶಾನದ ದಾರಿ ನೆರೆನೀರಲ್ಲಿ ಮುಳುಗಿದ್ದರಿಂದ ಪಕ್ಷಿಧಾಮದ ಕಾವಲುಗಾರನಾಗಿದ್ದ ಅವನ ಹೆಣವನ್ನು ಪಕ್ಷಿಧಾಮದ ದೋಣಿಯಲ್ಲೇ ಒಯ್ಯುತ್ತಿದ್ದರು. ಜೊತೆಗಿದ್ದವನು ಹೊಸ ಅಧಿಕಾರಿ ಒಬ್ಬನೇ.

"ನಾವೆಲ್ಲ ಇವನನ್ನ ಕೊಕ್ಕರೆ ಅಂತಿದ್ವಿ ಸಾರ್," ಎಂದ ಅಂಬಿಗ. "ಕಾಲು ಉದ್ದ, ಮಾತು ಗಿಡ್ಡ."

"ಮನೆಯವರು ಬೇರೆ ಯಾರೂ ಇಲ್ವಾ?" ಎಂದ ಅಧಿಕಾರಿ.

"ನಾನಿದ್ದೀನಲ್ಲ," ಎಂದಳು ತಂಗಿ. "ಮಾತು ಬಿಟ್ಟು ಹತ್ತೊಂಬತ್ತು ವರ್ಷ ಆಗಿತ್ತು, ಅಷ್ಟೇ."

*

ಅಮ್ಮ ತೀರಿಕೊಂಡ ಬೆಳಿಗ್ಗೆ ಅವಳು ಅಣ್ಣನ ಕಾವಲು ಕೋಣೆಗೆ ಫೋನ್ ಮಾಡಿದ್ದಳು. ಹೊಳೆ ಏರುತ್ತಿತ್ತು. ನಡುಹೊಳೆಯ ಮರಳದಿಬ್ಬದಲ್ಲಿ, ಮರಳಲ್ಲೇ ಗೂಡು ಮಾಡುವ ರೀವಹಕ್ಕಿಗಳು ಮೊಟ್ಟೆಯಿಟ್ಟಿದ್ದವು.

"ಇವನ್ನ ಒಂಚೂರು ಎತ್ತರಕ್ಕೆ ಸೇರಿಸಿ ಬಂದ್ಬಿಡ್ತೀನಿ. ಮಧ್ಯಾಹ್ನದೊಳಗೆ," ಎಂದಿದ್ದ ಅಣ್ಣ.

ಸಂಜೆಯವರೆಗೆ ಕಾದು ಅಮ್ಮನನ್ನು ಮಣ್ಣು ಮಾಡಿದರು. ಮೂರನೆಯ ದಿನ ಅವನು ಬಾಗಿಲಲ್ಲಿ ನಿಂತಿದ್ದ, ಮೊಣಕಾಲವರೆಗೆ ಕೆಸರು.

"ನಿನ್ನ ಹಕ್ಕಿಗಳು ಕ್ಷೇಮ ತಾನೇ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಬಾಗಿಲು ಹಾಕಿದಳು.

*

"ನಿಮ್ಮಮ್ಮ ಹೋದ ದಿನ ನಾನೂ ದಿಬ್ಬದಲ್ಲಿದ್ದೆ," ಎಂದ ಅಂಬಿಗ. "ಹಳೇ ಟೈರಿಗೆ ಮರಳು ತುಂಬಿ ಒಂದೊಂದೇ ಗೂಡು ಮೇಲೆತ್ತಿಟ್ವಿ."

"ಎಷ್ಟು ಉಳೀತು?" ಎಂದಳು ತಂಗಿ.

ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ನಿಮಗೆ ಹೇಳಲೇ ಇಲ್ವಾ? ಒಂದೂ ಉಳೀಲಿಲ್ಲ ಅಕ್ಕಾ. ದಿಬ್ಬಾನೇ ಕೊಚ್ಕೊಂಡು ಹೋಯ್ತು. ಎದೆಮಟ್ಟ ನೀರಲ್ಲಿ ಖಾಲಿ ಬುಟ್ಟಿ ಹಿಡ್ಕೊಂಡು ನಿಂತುಬಿಟ್ಟಿದ್ದ. ನಾನೇ ಎಳ್ಕೊಂಡು ಬಂದೆ. ಎರಡು ದಿನ ಹೊಳೆ ದಾಟೋಕಾಗ್ಲಿಲ್ಲ."

ಜಾರುತ್ತಿದ್ದ ಕಾಲುಗಳನ್ನು ತಂಗಿ ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಅವಾದ್ರೂ ಉಳಿದ್ವು ಅಂದ್ಕೊಂಡಿದ್ದೆ," ಎಂದಳು. "ಇಷ್ಟು ವರ್ಷ ಇಲ್ಲದ ಹಕ್ಕಿಗಳ ಮೇಲೆ ಹೊಟ್ಟೆ ಉರ್ಕೊಂಡೆ."

ದಡದಲ್ಲಿ ಹೊರಲು ನಾಲ್ಕನೆಯವರಿರಲಿಲ್ಲ. ಗಂಡಸರಿಬ್ಬರೂ ತಲೆಯ ಕಡೆ ಹಿಡಿದರು. ಕಾಲಿನ ಕಡೆಯನ್ನು ಅವಳೊಬ್ಬಳೇ ಹೊತ್ತಳು. "ನಿಧಾನಕ್ಕೆ ಬನ್ನಿ," ಎಂದ ಅಧಿಕಾರಿ. ಅವಳು ನಿಲ್ಲಲಿಲ್ಲ. ಮೊದಲೇ ತೋಡಿಟ್ಟಿದ್ದ ಹೊಂಡದ ಅಂಚಿನಲ್ಲಿ ಬಟ್ಟೆಯನ್ನು ಕೆಳಕ್ಕೆಳೆದು ಪಾದ ಮುಚ್ಚಿದಳು.

"ಅಣ್ಣಾ, ಒಳಗೆ ಬಾ ಅನ್ಬೇಕಿತ್ತು ನಾನು."

ಗುದ್ದಲಿಯ ಸದ್ದಿಗೆ ಬೆಳ್ಳಕ್ಕಿಗಳ ಹಿಂಡು ಒಮ್ಮೆಲೇ ಎದ್ದು ದೂರ ಹೋಯಿತು. ಮಣ್ಣು ಮುಚ್ಚಿ ಮೂವರೂ ದೋಣಿಗಿಳಿದರು. ಹಗ್ಗ ಬಿಚ್ಚುವ ಮೊದಲೇ ಹಿಂಡು ಮರಳಿ ಬಂದಿಳಿದು, ಹಸಿಮಣ್ಣಿನ ಗುಡ್ಡೆಯ ಮೇಲೆ ಹುಳ ಹೆಕ್ಕತೊಡಗಿತು.