ಬಾಟಲಿಯವನ ಗಿಟಾರು

ಎಂಟು ವರ್ಷ ಮಾವನ ಪಕ್ಕದಲ್ಲಿ ಕೂತು ಸೋಡಾ ಬಾಟಲಿ ಬಾರಿಸಿದವನಿಗೆ ಊರವರು ಇಟ್ಟ ಹೆಸರು ಬಾಟಲಿ. ಅವ್ವ ಇಟ್ಟ ಹೆಸರು ಅಗುಫಾನ. ಆ ಹೆಸರು ಹಿಡಿದು ಕರೆಯುವುದನ್ನು ಈಗೀಗ ಅವ್ವನೂ ಮರೆಯುತ್ತಿದ್ದಳು.

ಮದುವೆಯಿರಲಿ, ಮಣ್ಣು ಮಾಡುವುದಿರಲಿ, ಚವಕಾಲಿ ಪೇಟೆಯ ಸುತ್ತಲಿನ ಗುಡ್ಡದ ಊರುಗಳಲ್ಲಿ ಸೋದರಮಾವ ಕೆವೆರೆಂಗೆಯ ಗಿಟಾರು ಬೇಕೇ ಬೇಕು. ಗಿಟಾರು ಅಂದಮೇಲೆ ಬಾಟಲಿಯೂ ಬೇಕು. ಮೈತುಂಬ ಬಳೆ ತೊಟ್ಟ ಹಾಗೆ ಗೆರೆಯಿರುವ ಹಳೇ ಬಾಟಲಿ, ಅದಕ್ಕೊಂದು ಕಬ್ಬಿಣದ ಕಡ್ಡಿ. ಕಿಣಿಕಿಣಿ ಅಂತ ಅದು ಓಡುತ್ತಿದ್ದರೆ ಗಿಟಾರಿಗೆ ಕಾಲು ಬಂದ ಹಾಗೆ. ಆದರೆ ಜನ ಕುಣಿಯುತ್ತ ಬಂದು ನೋಟು ಅಂಟಿಸುವುದು ಗಿಟಾರಿನವನ ಹಣೆಗೆ. ಬಾಟಲಿಯವನ ಹಣೆಗೆ ಬರೀ ಬೆವರು. ಕೆವೆರೆಂಗೆ ಹಾಡಿನ ನಡುವೆ ತನ್ನ ಹೆಸರು, ತನ್ನ ಹಳ್ಳಿಯ ಹೆಸರು, ಕೊನೆಗೆ ಬೆಳಿಗ್ಗೆ ಚಹಾ ಕೊಟ್ಟ ಅಂಗಡಿಯವಳ ಹೆಸರನ್ನೂ ಸೇರಿಸುತ್ತಿದ್ದ. ಅಗುಫಾನನ ಹೆಸರು ಒಂದು ದಿನವೂ ಆ ಬಾಯಲ್ಲಿ ಬರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದು ಗಿಟಾರು. ಸ್ವಂತದ್ದು. ಆಸೆ ಅನ್ನುವ ಮಾತು ಅದಕ್ಕೆ ಸಾಲದು. ಹೊಟ್ಟೆ ಖಾಲಿಯಿದ್ದಾಗ ಪಕ್ಕದ ಮನೆಯಲ್ಲಿ ಉಗಾಲಿ ಮುದ್ದೆ ತಿರುವುವ ಸದ್ದು ಕೇಳಿದರೆ ಆಗುತ್ತದಲ್ಲ, ಆ ಸಂಕಟ. ಹೊಲದಲ್ಲಿ ಗುದ್ದಲಿ ಹಿಡಿದರೂ ಬಲಗೈಯ ಹೆಬ್ಬೆರಳು, ತೋರುಬೆರಳು ಹಿಡಿಯ ಮೇಲೆ ತಾವಾಗಿ ಕುಣಿಯುತ್ತಿದ್ದವು. ಒಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ ಮಾವ ನಕ್ಕಿದ್ದ. "ನೀನೂ ಗಿಟಾರ್ ಹಿಡ್ಕೊಂಡ್ರೆ ಬಾಟ್ಲಿ ಯಾರು, ನಿಮ್ಮಪ್ಪ ಎದ್ದು ಬಂದು ಬಾರಿಸ್ತಾನೇನೋ?"

ಅಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು. ಆ ನಗುವನ್ನು ಅಗುಫಾನ ನುಂಗಿದ. ಅರಗಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಸೈಕಲ್ಲಿನ ಹಿಂದೆ ಒಂದು ಹೋತ ಕಟ್ಟಿಕೊಂಡು ಬಡಗಿ ಅಸಿಗೆಯ ಅಂಗಡಿಗೆ ಹೋದ. ರಸ್ತೆ ಬದಿಯ ಆ ತಗಡಿನ ಮಾಡಿನ ಕೆಳಗೆ ಮಂಚ, ಬಾಗಿಲು, ಶವಪೆಟ್ಟಿಗೆ ಎಲ್ಲ ಆಗುತ್ತಿದ್ದವು. ಅವುಗಳ ನಡುವೆ ಗಿಟಾರು. ಅವತ್ತು ಮೂರು ತೂಗುತ್ತಿದ್ದವು. ಅಸಿಗೆಯ ಹೆಂಡತಿ ಜೆಂಡೆಕಾ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಒಣಮೀನು ಆರಿಸುತ್ತಿದ್ದಳು.

"ಹೋತಾನೂ ನಿಮ್ದು, ಸೈಕಲ್ಲೂ ನಿಮ್ದು. ಒಂದು ಗಿಟಾರ್ ಕೊಡಿ ಅಜ್ಜ."

ಅಸಿಗೆ ಹೋತದ ಹಲ್ಲು ನೋಡಿದ, ಸೈಕಲ್ಲಿನ ಬ್ರೇಕು ಹಿಡಿದು ನೋಡಿದ. "ಆಗ್ಲಿ. ಬಾರ್ಸಿ ನೋಡಿ ಆರಿಸ್ಕೋ."

"ನಂಗೆ ಬಾರ್ಸೋಕೆ ಬರಲ್ಲ."

"ಹೆಣ್ಣು ನೋಡೋಕೆ ಬಂದು ಕಣ್ಣು ಮುಚ್ಕೊಂಡ ಹಾಗಾಯ್ತಲ್ಲೋ!" ಅಸಿಗೆಯ ನಗು ಕೇಳಿ ಆಚೆ ನಿಂತಿದ್ದ ಬಾಡಿಗೆ ಬೈಕಿನ ಹುಡುಗರು ಇತ್ತ ತಿರುಗಿದರು.

ಅಗುಫಾನನ ಕಿವಿ ಕಾದಿತು. ಬರುವುದಿಲ್ಲ, ನಿಜ. ಆದರೆ ಕೇಳುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿರಲಿಲ್ಲ. ಕೇಳುವುದೂ ಅವನಿಗೆ ಬರುತ್ತಿದ್ದದ್ದು ಒಂದೇ ರೀತಿ. ಜೋಳಿಗೆಯಿಂದ ಬಾಟಲಿ ತೆಗೆದ. "ನೀವು ಬಾರ್ಸಿ ಅಜ್ಜ. ನಾನು ಬಾಟ್ಲಿ ಹಾಕ್ತೀನಿ. ನನ್ನ ಬಾಟ್ಲಿಗೆ ಯಾವ್ದು ಕೂಡುತ್ತೋ ಅದೇ."

ಮೊದಲನೆಯದು ಹೊಸ ಸೈಪ್ರೆಸ್ ಮರದ್ದು. ಬಾಟಲಿ ಶುರುವಾಗುತ್ತಲೇ ಅದರ ದನಿ ಅಡಗಿಹೋಯಿತು. ಎರಡನೆಯದು ಒಂದು ಸಣ್ಣ ಗಿಟಾರು, ಶಾಲೆಯ ಹಳೇ ಡೆಸ್ಕಿನ ಹಲಗೆಯದು. ಅದು ತನ್ನಷ್ಟಕ್ಕೆ ಏನೋ ಗೊಣಗಿತು, ಅಷ್ಟೇ. ಮೂರನೆಯದು ದೊಡ್ಡದು, ಕರಿಗೆಂಪು ಮರ, ದಪ್ಪ ಕತ್ತು. ಅಸಿಗೆ ಅದರ ದಪ್ಪ ತಂತಿಗೆ ಹೆಬ್ಬೆರಳು ಹಾಕಿದ್ದೇ ತಡ, ಬಾಟಲಿ ಅದರ ಬೆನ್ನೇರಿತು. ಎರಡೂ ಒಂದೇ ಜೀವದ ಹಾಗೆ ಓಡಿದವು. ಬೈಕಿನ ಹುಡುಗನೊಬ್ಬ ಸೀಟಿನ ಮೇಲೆ ಕೂತೇ ಹೆಗಲು ಕುಣಿಸಿದ. ಬಾಳೆಹಣ್ಣು ಮಾರುವವಳು ಬುಟ್ಟಿ ಇಳಿಸಿ ಎರಡು ಹೆಜ್ಜೆ ಹಾಕಿದಳು.

"ಇದೇ!" ಅಂದ ಅಗುಫಾನ. ಕಣ್ಣಲ್ಲಿ ನೀರು.

ಜೆಂಡೆಕಾ ಮೊರದಿಂದ ತಲೆಯೆತ್ತಿದಳು. "ಬಾಟ್ಲಿ ಕೆಳಗಿಡು ಮಗಾ. ಒಂದ್ಸಲ ಕೈಲಿ ಹಿಡಿ ಅದನ್ನ."

ಹಿಡಿದ. ಬಲಗೈ ತಂತಿಗಳ ಮೇಲೆ ಬಿದ್ದದ್ದೇ ನಡೆಯತೊಡಗಿತು. ಹೆಬ್ಬೆರಳು ಕೆಳಗೆ, ತೋರುಬೆರಳು ಮೇಲೆ, ಒಂದೂ ತಪ್ಪಿಲ್ಲ. ಅಸಿಗೆ ಬಾಯಿ ತೆರೆದ. "ಬರಲ್ಲ ಅಂದ್ಯಲ್ಲೋ ಕಳ್ಳ!" ಆದರೆ ಎಡಗೈ ದಪ್ಪ ಕತ್ತನ್ನು ತಬ್ಬಿ ಸುಮ್ಮನೆ ಇತ್ತು. ಎಂಟು ವರ್ಷ ಅವನು ಮಾವನ ಬಲಕ್ಕೆ ಕೂತಿದ್ದ. ಬಾಟಲಿಯವನ ಜಾಗ ಅದು. ಅಲ್ಲಿಂದ ಕಾಣುವುದು ಮೀಟುವ ಕೈ ಮಾತ್ರ. ಎಡಗೈ ಆಚೆ ಏನು ಮಾಡುತ್ತದೆ, ಯಾವ ತಂತಿಯನ್ನು ಎಲ್ಲಿ ಒತ್ತುತ್ತದೆ, ಅವನು ಕಂಡೇ ಇರಲಿಲ್ಲ. ಈಗ ಒತ್ತಿ ನೋಡಿದ. ತಂತಿ ಬೆರಳನ್ನು ಕೊಯ್ದಿತು. ಕಿರುಬೆರಳು ದಾರಿಯಲ್ಲೇ ನಿಂತಿತು.

"ನೋಡ್ದ್ಯಾ?" ಅಂದಳು ಜೆಂಡೆಕಾ. "ಅದು ದೊಡ್ಡ ಕೈಯವರಿಗೆ. ಡೆಸ್ಕಿನ ಗಿಟಾರ್ ತಗೋ. ಅದರ ತಂತಿ ಬೆರಳಿಗೆ ಹತ್ರ ಇದೆ, ಕಲಿಯೋಕೆ ಸುಲಭ. ನೀನು ನಿಂಗೆ ಗಿಟಾರ್ ಆರಿಸ್ತಿಲ್ಲಪ್ಪ, ನಿನ್ನ ಬಾಟ್ಲಿಗೆ ಆರಿಸ್ತಿದೀಯ."

ಅಗುಫಾನ ಡೆಸ್ಕಿನ ಗಿಟಾರನ್ನೂ ಎತ್ತಿಕೊಂಡ. ಬೆರಳು ಕೂತವು. ದನಿ ಅವನ ಎದೆಯವರೆಗೆ ಬಂತು, ಹೊಸ್ತಿಲು ದಾಟಲಿಲ್ಲ. ಇದನ್ನು ಒಯ್ದರೆ ಇನ್ನೆಷ್ಟು ವರ್ಷ ಯಾರಿಗೂ ಕೇಳದ ಹಾಗೆ ಮೂಲೆಯಲ್ಲಿ ಕೂರಬೇಕು? ಕೂತಿದ್ದು ಸಾಲದೆ? "ಕಿವಿ ಮೇಲೆ ಬೀಳೋ ಗಿಟಾರ್ ಬೇಕು ನಂಗೆ, ಅಮ್ಮ. ಕೈ ಬೇಕಾದ್ರೆ ಸೀಳ್ಕೊಳ್ಲಿ," ಎಂದು ದೊಡ್ಡದನ್ನೇ ಬೆನ್ನಿಗೆ ಹಾಕಿಕೊಂಡು ನಡೆದ.

ನಾಲ್ಕು ದಿನ ಒತ್ತಿದ. ಬೆರಳ ತುದಿ ಒಡೆಯಿತು. ಹಾಡು ಬರಲಿಲ್ಲ.

ಶನಿವಾರ ಒಬ್ಬ ನಿವೃತ್ತ ಮೇಷ್ಟರನ್ನು ಮಣ್ಣು ಮಾಡುವುದಿತ್ತು. ಅಗುಫಾನ ಬಾಟಲಿಯ ಜೊತೆ ಗಿಟಾರನ್ನೂ ಒಯ್ದ. ಏಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬಿಟ್ಟಿರಲು ಆಗಲಿಲ್ಲ, ಅಷ್ಟೇ.

"ಯಾರ್ದೋ ಇದು?" ಅಂದ ಕೆವೆರೆಂಗೆ.

"ನಂದು ಮಾವ."

"ನಿಂದು ಅಂದ್ರೆ ನಮ್ದೇ ಅಲ್ವೇನೋ. ತಾ ಇಲ್ಲಿ." ಸೋದರಳಿಯನ ಮೇಲೆ ಮಾವನಿಗೆ ಹಕ್ಕಿದೆ, ನಾಲ್ಕು ಜನರ ಮುಂದೆ ಇಲ್ಲ ಅನ್ನುವಂತಿಲ್ಲ. ಕೆವೆರೆಂಗೆ ಗಿಟಾರು ಹಿಡಿದು ಬಾಳೆಗಿಡಗಳ ಕಡೆಗೆ ತಿರುಗಿ, ಎಲ್ಲರಿಗೂ ಬೆನ್ನು ಹಾಕಿ ಶ್ರುತಿ ಕೂಡಿಸಿದ. ಅಲ್ಲಿನ ಗಿಟಾರಿನವರು ಶ್ರುತಿಯನ್ನು ಹೆತ್ತ ಮಗನಿಗೂ ತೋರಿಸುವುದಿಲ್ಲ. ಹಾಡು ಮುಗಿದ ಕೂಡಲೇ ಬಿರಟೆ ತಿರುಗಿಸಿ ತಂತಿ ಸಡಿಲಿಸಿಬಿಡುತ್ತಾರೆ, ಇನ್ನೊಬ್ಬ ಬಂದು ಮೀಟಿ ಕದಿಯದಿರಲಿ ಎಂದು.

ಹಾಡು ಎದ್ದಿತು. ಮಾವನ ದೊಡ್ಡ ಕೈಗೆ ಆ ದಪ್ಪ ಕತ್ತು ಹೇಳಿ ಮಾಡಿಸಿದ ಹಾಗಿತ್ತು. ಬಾಟಲಿ ಸೇರಿತು. ಎಂಟು ವರ್ಷದಲ್ಲಿ ಅವರಿಬ್ಬರೂ ಹೀಗೆ ಬಾರಿಸಿರಲಿಲ್ಲ. ಅತ್ತು ಸೋತ ಹೆಂಗಸರು ಸೊಂಟಕ್ಕೆ ಬಟ್ಟೆ ಬಿಗಿದು ಕುಣಿಯಲು ಎದ್ದರು. ಅಗುಫಾನನ ಕೈ ಓಡುತ್ತಿತ್ತು. ತನ್ನ ಗಿಟಾರು ತನ್ನ ಪಕ್ಕದಲ್ಲೇ, ಇನ್ನೊಬ್ಬನ ತೊಡೆಯ ಮೇಲೆ ಕೂತು ಹಾಡುತ್ತಿತ್ತು. ಅಷ್ಟು ಚೆಂದ ಹಾಡುತ್ತಿತ್ತಲ್ಲ ಎಂದೇ ಅವನು ಕಡ್ಡಿಯನ್ನು ಇನ್ನೂ ಜೋರಾಗಿ ಹಾಕಿದ.

ಹಾಡು ಮುಗಿಯುತ್ತಲೇ ಸತ್ತವನ ಅಕ್ಕ, ಒಬ್ಬ ಮುದುಕಿ, ಕೇಳಿದಳು. "ಎಲ್ಲಿ ಸಿಕ್ತೋ ಕೆವೆರೆಂಗೆ ಈ ಗಿಟಾರ್?"

"ಮಾಡಿಸ್ದೆ ಅತ್ತೆ," ಅಂದ ಕೆವೆರೆಂಗೆ.

ಅಗುಫಾನ ಬಾಟಲಿ ನೆಲಕ್ಕಿಟ್ಟು ಎದ್ದ. "ಕೊಡಿ ಮಾವ."

"ಇರೋ, ಇನ್ನೊಂದು ಹಾಡು..."

"ಕೊಡಿ. ನನ್ನ ಸೈಕಲ್ಲು, ನನ್ನ ಹೋತ. ಕೊಟ್ಟು ತಂದಿದ್ದು ನಾನು. ಅಗುಫಾನ."

ಗಿಟಾರನ್ನು ಕಿತ್ತುಕೊಂಡ ಹಾಗೇ ತೆಗೆದುಕೊಂಡು ಕುರ್ಚಿಯ ಮೇಲೆ ಕೂತ. ಮಾವನ ಶ್ರುತಿ ಇನ್ನೂ ತಂತಿಯಲ್ಲಿತ್ತು. ಬಲಗೈ ಬಿಟ್ಟ. ಹಾಡು ಬಂತು, ಅರ್ಧ. ಎಡಗೈ ಹಾಕಬೇಕಾದ ಕಡೆಯಲ್ಲೆಲ್ಲ ಕಿತ್ತುಹೋದ ಹಲ್ಲಿನಂಥ ಸಂದು. ಪಡ್ಡೆ ಹುಡುಗರು ಕಿಸಕ್ಕೆಂದರು.

"ಎಡಗೈ ಎಲ್ಲೋ, ಮನೇಲಿ ಬಿಟ್ಟು ಬಂದ್ಯಾ?" ಅಂದ ಕೆವೆರೆಂಗೆ.

"ನೀವು ಬಚ್ಚಿಟ್ರಲ್ಲ ಮಾವ, ಎಂಟು ವರ್ಷ."

ಕೆವೆರೆಂಗೆ ನಗಲಿಲ್ಲ. ಕೈ ಚಾಚಿದ. "ಗಿಟಾರ್ ನಿಂದೇ ಅನ್ನು. ಶ್ರುತಿ ನಂದು. ಬಿರಟೆ ಸಡಿಲ ಮಾಡಿ ಕೊಡ್ತೀನಿ, ತಗೊಂಡು ಹೋಗು."

ಅಗುಫಾನ ಬಿರಟೆಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡ. ಬಾಟಲಿಯನ್ನು ಕಾಲಿನಿಂದ ಮಾವನ ಕಡೆ ಸರಿಸಿದ. ಊಟಕ್ಕೂ ನಿಲ್ಲದೆ ಹೊರಟ.

ರಸ್ತೆಗೆ ಬರುತ್ತಲೇ ಬೈಕಿನವನೊಬ್ಬ ಪಕ್ಕಕ್ಕೆ ನಿಲ್ಲಿಸಿದ. "ಹತ್ತೋ ಬಾಟ್ಲಿ, ಆ ಕಡೆಗೇ ಹೋಗ್ತಿದೀನಿ."

"ಬೇಡ ಕಣೋ. ಅಲುಗಿದ್ರೆ ಶ್ರುತಿ ಇಳಿದುಬಿಡುತ್ತೆ."

ಬಂಡೆಗಳ ನಡುವಿನ ದಾರಿಯಲ್ಲಿ ತುಂಬಿದ ಗಡಿಗೆ ಹೊತ್ತವನ ಹಾಗೆ ಹೆಜ್ಜೆಯಿಟ್ಟು ನಡೆದ. ಕಲ್ಲು ಕಂಡಲ್ಲಿ ನಿಂತು ಸುತ್ತಿಕೊಂಡು ಹೋದ. ಗಿಟಾರನ್ನು ಎದೆಗೊತ್ತಿ ಹಿಡಿದಿದ್ದ. ಒಡೆದ ಬೆರಳು ಉರಿಯುತ್ತಿದ್ದವು. ಆ ಅರ್ಧ ಹಾಡು ತಲೆಯಲ್ಲಿ ತಿರುಗಿ ತಿರುಗಿ ಬಂದು ಅದೇ ಸಂದಿನಲ್ಲಿ ಬೀಳುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮನೆಯಂಗಳ ಸಿಕ್ಕಿತು. ಅವ್ವ ಸೊಪ್ಪು ಬಿಡಿಸುತ್ತಿದ್ದಳು. ಅವಳ ಪಕ್ಕ ನೆಲದ ಮೇಲೆ ಕೂತು ಉಸಿರು ಬಿಗಿಹಿಡಿದು ತಂತಿಗಳನ್ನು ಒಂದೊಂದಾಗಿ ಮೀಟಿದ. ಒಂದು, ಎರಡು, ಮೂರು. ನಾಲ್ಕನೆಯದು ಜಾರಿತ್ತು.

ಮತ್ತೆ ಮೀಟಿದ. ಎಷ್ಟು ಜಾರಿದೆ ಎಂದು ಅವನ ಕಿವಿಗೆ ಗೊತ್ತಿತ್ತು. ಬಿರಟೆಯನ್ನು ಕೂದಲೆಳೆಯಷ್ಟು ತಿರುಗಿಸಿದ, ಇನ್ನೊಂದಿಷ್ಟು ತಿರುಗಿಸಿದ, ನಿಲ್ಲಿಸಿದ. ಮೀಟಿದ. ತಂತಿ ತನ್ನ ಜಾಗಕ್ಕೆ ಬಂದು ಕೂತಿತ್ತು.

"ಏನೋ ಅದು?" ಅಂದಳು ಅವ್ವ.

"ಸುಮ್ನಿರವ್ವ, ಕೇಳು," ಅಂದು ಅಗುಫಾನ ಎಡಗೈಯ ಒಂದು ಬೆರಳನ್ನು ತಂತಿಯ ಮೇಲೆ ಒತ್ತಿದ. ಅದಲ್ಲ. ಇನ್ನೊಂದು ಕಡೆ ಒತ್ತಿದ. ಅದೂ ಅಲ್ಲ.