ಕೆಂಪೆಷ್ಟು

ಎವರಿಸ್ತೊ ಸೇಬಿನ ಪೆಟ್ಟಿಗೆಯನ್ನು ನೀರಿನ ತೊಟ್ಟಿಗೆ ಬಗ್ಗಿಸಿದ ಮೇಲೆ ಫೋರ್ಕ್‌ಲಿಫ್ಟನ್ನು ಹಿಂದಕ್ಕೆ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ಎಂಜಿನ್ ನಿಲ್ಲಿಸಿ ಕೆಳಗಿಳಿದು ಹೊಸ ಯಂತ್ರದ ಪರದೆಯೆದುರು ಹೋಗಿ ನಿಂತ.

ಯಾಕಿಮಾ ಕಣಿವೆಯ ಆ ಪ್ಯಾಕಿಂಗ್ ಶೆಡ್ಡಿನಲ್ಲಿ ಅಂದು ಕ್ಯಾಮೆರಾ ಯಂತ್ರದ ಮೊದಲ ಓಟ. ನೀರಿನಿಂದ ಮೇಲೆದ್ದ ಸೇಬುಗಳು ಸಾಲುಗಟ್ಟಿ ಉರುಳುತ್ತ ಕಪ್ಪು ಗೂಡೊಂದರೊಳಗೆ ನುಗ್ಗುತ್ತಿದ್ದವು. ಒಳಗಿನ ಕ್ಯಾಮೆರಾಗಳು ಪ್ರತಿ ಹಣ್ಣಿನ ಚಿತ್ರವನ್ನೂ ಎಲ್ಲ ಮಗ್ಗುಲಿನಿಂದ ಹಿಡಿಯುತ್ತಿದ್ದವು. ಅದರ ಅಗಲ ಎಷ್ಟು, ಮೈಯಲ್ಲಿ ಕೆಂಪು ಎಷ್ಟು ಪಾಲು ಎಂದು ಯಂತ್ರ ಅಳೆದು, ಅದರಂತೆ ಬೇರೆಬೇರೆ ದಾರಿಗೆ ಉರುಳಿಸುತ್ತಿತ್ತು. ಪರದೆಯಲ್ಲಿ ಒಂದೊಂದು ಹಣ್ಣಿನ ಪಕ್ಕದಲ್ಲೂ ಅಂಕಿ ಮೂಡಿ ಮರೆಯಾಗುತ್ತಿತ್ತು. ಅದರ ಮುಂದೆ ಕೂತಿದ್ದವಳು ಅವನ ಹೆಂಡತಿ ಒಫೇಲಿಯಾ. ವಿಂಗಡಣೆಯ ಮೇಜಿನಲ್ಲಿ ಅವಳಷ್ಟು ಚುರುಕು ಕಣ್ಣಿನವರು ಇಲ್ಲವೆಂದು ಬೆಳಗಿನ ಪಾಳಿಗೆ ಅವಳನ್ನೇ ಆರಿಸಿದ್ದರು. ಯಂತ್ರ ಕೂಡಿಸಲು ಬಂದಿದ್ದ ಎಂಜಿನಿಯರ್ ಬ್ರಿಜಿಡ್ ಪಕ್ಕದಲ್ಲಿ ನಿಂತು ಕಲಿಸುತ್ತಿದ್ದಳು.

ಎವರಿಸ್ತೊ ಕೆಂಪು ಹಣ್ಣಿನ ದಾರಿಯಿಂದ ಒಂದನ್ನೂ ಬಿಳಚು ಹಣ್ಣಿನ ದಾರಿಯಿಂದ ಒಂದನ್ನೂ ಎತ್ತಿಕೊಂಡ. ಅವನ ಕಣ್ಣಿಗೆ ಎರಡೂ ಒಂದೇ ಮಣ್ಣುಬಣ್ಣ. ಯಾರೂ ನೋಡದಂತೆ ಅವನ್ನು ಮತ್ತೆ ಗೂಡಿಗೆ ಹೋಗುವ ಸಾಲಿಗೆ ಹಾಕಿ ಪರದೆಯತ್ತ ಕಣ್ಣು ನೆಟ್ಟ. ಒಂದರ ಪಕ್ಕ ಎಂಬತ್ತು, ಇನ್ನೊಂದರ ಪಕ್ಕ ಇಪ್ಪತ್ತು. ಕೆಂಪು ಎನ್ನುವುದು ಉಳಿದವರೆಲ್ಲ ಸೇರಿ, ತನ್ನೊಬ್ಬನನ್ನು ಬಿಟ್ಟು, ಆಡಿಕೊಳ್ಳುವ ಮಾತೇನೋ ಎಂದು ಅವನಿಗೆ ಎಷ್ಟೋ ಸಲ ಅನಿಸಿತ್ತು. ಅದು ನಿಜವಾಗಿಯೂ ಇತ್ತು. ಓದಬಹುದಾಗಿತ್ತು.

ಅಷ್ಟರಲ್ಲಿ ಶೆಡ್ಡಿನ ಮೇಸ್ತ್ರಿ ರೊಲಾಂಡೊ ಬಂದ. ಒಫೇಲಿಯಾಳ ಅಣ್ಣ. ಮಧ್ಯಾಹ್ನದ ಪಾಳಿಗೂ ಈ ಕುರ್ಚಿಗೆ ಒಬ್ಬರು ಬೇಕು, ಯಾರು ಕಲಿಯುತ್ತೀರಿ ಎಂದು ಕೇಳಿದ. ಊಟಕ್ಕೆ ಹೊರಟಿದ್ದ ವಿಂಗಡಣೆ ಮೇಜಿನ ಹೆಂಗಸರು ಜೋಳದ ಹಿಟ್ಟಿನ ತಮಾಲೆಯ ಬುತ್ತಿ ಹಿಡಿದುಕೊಂಡೇ ಒಬ್ಬರ ಮುಖ ಒಬ್ಬರು ನೋಡಿದರು.

"ನಾನು ಕೂರ್ತೀನಿ," ಎಂದ ಎವರಿಸ್ತೊ.

ಹೆಂಗಸರು ಗೊಳ್ಳನೆ ನಕ್ಕರು. ರೊಲಾಂಡೊನೂ ನಕ್ಕ. "ಬಂದ ಮೊದಲನೇ ವಾರಾನೇ ಹಸಿರು ಹಣ್ಣೆಲ್ಲ ಕೆಂಪು ಟ್ರೇಗೆ ತುಂಬಿದ ಮಹಾರಾಯ ನೀನು. ಹುಡುಗೀರ್ನ ನೋಡ್ತಾ ನಿಂತಿದ್ದೆ ಅಂತ ಇವರು ಇವತ್ತಿಗೂ ಆಡ್ಕೋತಾರೆ."

"ಹುಡುಗೀರ್ನ ನೋಡ್ತಿರ್ಲಿಲ್ಲ ಭಾವ. ನಂಗೆ ಕೆಂಪು ಕಾಣಲ್ಲ. ಹಸಿರೂ ಕಾಣಲ್ಲ. ಹುಟ್ಟಿದಾಗಿಂದ."

ನಗು ನಿಂತಿತು. ಒಫೇಲಿಯಾ ಕುರ್ಚಿಯಲ್ಲೇ ತಿರುಗಿ ಗಂಡನನ್ನು ನೋಡಿದಳು. ಈ ಸಂಗತಿ ಗೊತ್ತಿದ್ದುದು ಅವಳೊಬ್ಬಳಿಗೆ. ಮದುವೆಗೆ ಮುಂಚೆ ಅವಳ ಕೆಂಪು ಲಂಗವನ್ನು, ಹಸಿರು ನಿನಗೆ ಎಷ್ಟು ಒಪ್ಪುತ್ತದೆ ಎಂದು ಹೊಗಳಿ ಅವನು ಸಿಕ್ಕಿಬಿದ್ದಿದ್ದ. ಅವನೇ ಬೇಡವೆಂದದ್ದಕ್ಕೆ ಅವಳು ಅಣ್ಣನಿಗೂ ಬಾಯಿ ಬಿಟ್ಟಿರಲಿಲ್ಲ.

"ಅಲ್ಲ ಮಾರಾಯ, ಬಣ್ಣಾನೇ ಕಾಣದೋನು..." ರೊಲಾಂಡೊ ತಡವರಿಸಿದ.

"ಅಂಕಿ ಕಾಣತ್ತೆ ಭಾವ. ಓದಕ್ಕೂ ಬರತ್ತೆ."

ಬ್ರಿಜಿಡ್ ಫಕ್ಕನೆ ನಕ್ಕು, ಕೂತು ತೋರಿಸಲಿ, ನೋಡೋಣ ಎಂದಳು. ಒಫೇಲಿಯಾ ಎದ್ದು ಜಾಗ ಬಿಟ್ಟಳು.

ಒಳ್ಳೆಯ ಡಬ್ಬಕ್ಕೆ ಹೋಗುವ ಹಣ್ಣು ಎಷ್ಟು ದಪ್ಪ, ಎಷ್ಟು ಕೆಂಪಿರಬೇಕೆಂದು ಬ್ರಿಜಿಡ್ ಹೇಳಿದಳು. ಎವರಿಸ್ತೊ ಪರದೆಯಲ್ಲಿ ಆ ಅಂಕಿಗಳ ಗಡಿ ಹಾಕಿದ. ಮೊದಲ ಸಲ ಹುಮ್ಮಸ್ಸಿನಲ್ಲಿ ತೀರ ಮೇಲೆ ಹಾಕಿಬಿಟ್ಟ. ಹಣ್ಣುಗಳೆಲ್ಲ ದಡಬಡನೆ, ರಸ ಹಿಂಡಲು ಕಳಿಸುವ ಹಣ್ಣಿನ ತೊಟ್ಟಿಗೆ ಉರುಳಿದವು. ಹೆಂಗಸರು ಹೋ ಎಂದರು. ಅವನು ಕಿವಿಗೊಡದೆ ಗಡಿಯನ್ನು ಒಂದಿಷ್ಟು ಇಳಿಸಿದ, ಮತ್ತಿಷ್ಟು ಇಳಿಸಿದ. ಸಾಲು ಒಡೆದು ಹಣ್ಣುಗಳು ತಂತಮ್ಮ ದಾರಿ ಹಿಡಿದವು. ಇನ್ನೂ ಜೋರಾಗಿ ಓಡಿಸಿ ಎಂದು ಅವನೇ ಕೇಳಿದ. ಬ್ರಿಜಿಡ್ ಓಟ ಏರಿಸಿದಳು. ಅಂಕಿಗಳು ಹಾರತೊಡಗಿದವು. ಡಬ್ಬಗಳು ತುಂಬಿ ಮುಂದೆ ಸರಿದಂತೆ ಬುತ್ತಿ ಬಿಚ್ಚುವುದನ್ನೂ ಮರೆತ ಹೆಂಗಸರು ಹತ್ತಿರ ಹತ್ತಿರ ಬಂದರು.

ಒಂದು ಡಬ್ಬವನ್ನು ಒಫೇಲಿಯಾ ಕೆಳಗಿಳಿಸಿ ಒಂದೊಂದೇ ಹಣ್ಣನ್ನು ಹೊರಳಿಸಿ ನೋಡಿದಳು. ಒಂದನ್ನು ತೆಗೆದು ಪಕ್ಕಕ್ಕಿಟ್ಟಳು.

"ಇದಕ್ಕೆ ತೊಟ್ಟಿನ ಹತ್ರ ಪೆಟ್ಟು ಬಿದ್ದಿದೆ," ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಬಣ್ಣದಲ್ಲಿ ಒಂದೂ ತಪ್ಪಿಲ್ಲ ಕಣೋ."

ಪೆಟ್ಟು ಬಿದ್ದ ಹಣ್ಣಿಗೆ ಬೇರೆಯೇ ಗಡಿ ಇದೆ, ಅದನ್ನು ನಾಳೆ ಹೇಳಿಕೊಡುತ್ತೇನೆ ಎಂದಳು ಬ್ರಿಜಿಡ್. ಫೋರ್ಕ್‌ಲಿಫ್ಟಿಗೆ ಈಗ ಯಾರನ್ನು ಹುಡುಕಲಿ ಎಂದು ರೊಲಾಂಡೊ ಗೊಣಗಿದ. ಗೊಣಗುತ್ತಲೇ ಎವರಿಸ್ತೊನ ಬೆನ್ನಿಗೆ ಒಂದು ಗುದ್ದಿ ಹೋದ.

ಒಫೇಲಿಯಾ ಗಂಡನ ಹಿಂದೆ ಬಂದು ನಿಂತಳು. "ನಾನು ಬೆಳಗ್ಗೆ, ನೀನು ಮಧ್ಯಾಹ್ನ. ಇಬ್ರೂ ಒಂದೇ ಗಾಡೀಲಿ ಬರೋದು ಮುಗೀತು ಮುದುಕಾ."

"ಬೇಡ ಅಂತೀಯಾ?"

"ಹಾಗಂದ್ನಾ ನಾನು?"

ಅವನು ಆಗಲೇ ಪರದೆಯತ್ತ ತಿರುಗಿದ್ದ. ಕುರ್ಚಿ ಅವಳ ಎತ್ತರಕ್ಕಿತ್ತು. ಅವನ ಮೊಣಕಾಲುಗಳು ಮೇಜಿನಡಿಗೆ ಒತ್ತಿಕೊಂಡಿದ್ದವು, ಅವನಿಗೆ ಅದರ ಪರಿವೆಯೇ ಇರಲಿಲ್ಲ. ಒಫೇಲಿಯಾ ಬಗ್ಗಿ ಕುರ್ಚಿಯ ಕೆಳಗಿನ ಹಿಡಿಯನ್ನು ಎಳೆದಳು. ಕುರ್ಚಿ ಅವನನ್ನು ಹೊತ್ತು ಮೆಲ್ಲಗೆ ಕೆಳಗಿಳಿಯಿತು. ಅವಳು ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡು, ಅವನ ತಲೆಯ ಮೇಲಿಂದ ಅಂಕಿಗಳನ್ನು ನೋಡುತ್ತ ನಿಂತಳು.