‘ಇತರರು’ ಅಂದರೆ ಯಾರು?

ರಾಜಾನುಕುಂಟೆಯ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಲು ಒಂದು ನೆಪ ಸಾಕು. ಈ ಸಲದ ನೆಪ ದೂರದ ದೇಶವೊಂದರ ಕಾರ್ಖಾನೆ ದುರಂತ. ಸತ್ತವರ ಹೆಸರುಗಳನ್ನು ಅಲ್ಲಿನ ಸರ್ಕಾರ ಮುಚ್ಚಿಟ್ಟಿದೆ ಎಂದು ಟಿವಿಯವರು ಮೂರು ದಿನದಿಂದ ಗಂಟಲು ಹರಿದುಕೊಳ್ಳುತ್ತಿದ್ದರು.

ಫ್ಲೆಕ್ಸ್‌ಗೆಂದು ತಾನೇ ಒಂದು ಪೇಪರಿನಲ್ಲಿ ಬರೆದದ್ದನ್ನು ಬ್ಯಾಟರಾಯಪ್ಪ ಮನೆ ಜಗುಲಿಯಲ್ಲಿ ಕೂತು ತನ್ನ ಹೆಂಡತಿ ಮುನಿಕೆಂಪಮ್ಮನಿಗೆ ಓದಿ ಹೇಳಿದ. ಮೊದಲು ಆ ದೇಶದಲ್ಲಿ ಸತ್ತವರಿಗೆ ಕಂಬನಿ; ಕೊನೆಗೆ, ದೊಡ್ಡ ಮನಸ್ಸು ಮಾಡಿದವನಂತೆ ಒಂದು ಸಾಲು: ‘ನಮ್ಮೂರಲ್ಲಿ ಅಗಲಿದ ಇತರರಿಗೂ ಶ್ರದ್ಧಾಂಜಲಿ.’

ಮುನಿಕೆಂಪಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೋದ ತಿಂಗಳು ಹೊಸ ಲೇಔಟಿನ ಕಾಂಪೌಂಡ್ ಗೋಡೆ ಬಿದ್ದು ಗಾರೆ ಕೆಲಸದ ದಸ್ತಗೀರ್, ನಾಗೇಶ್ ಇಬ್ಬರೂ ಸತ್ತಿದ್ದರು. ದಸ್ತಗೀರನ ಸಂಸಾರ ಇವರ ವಠಾರದಲ್ಲೇ ಬಾಡಿಗೆಗಿತ್ತು. ಲೇಔಟಿಗೆ ಜಮೀನು ಕೊಟ್ಟವನು ಬ್ಯಾಟರಾಯಪ್ಪನೇ.

“ಇತರರು ಅಂದ್ರೆ ಯಾರು? ಅವ್ರಿಗೆ ಎಸರಿಲ್ವಾ?”

“ಟಿವೀಲೇ ಬರ್ಲಿಲ್ಲ ಕಣೇ. ಊರಿಗೆ ಕೆಟ್ಟೆಸರು ಬಂದ್ರೆ ಉಳಿದ ಜಮೀನು ಯಾರು ಕೇಳ್ತಾರೆ?”

ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಶಿಲ್ಪ ಅಲ್ಲೇ ಕೂತಿದ್ದಳು. “ಬಂದಿತ್ತಣ್ಣ, ಬೆಳಗ್ಗೆ ಒಂದ್ಸಲ. ಮಧ್ಯಾಹ್ನದಿಂದ ಅದೇ ಚಾನೆಲ್ಲಲ್ಲಿ ಆ ಲೇಔಟಿನ ಜಾಹೀರಾತು. ಸುದ್ದಿ ಮುಚ್ಚಾಕಕ್ಕೆ ಸರ್ಕಾರಾನೇ ಬೇಕಾ?”

“ಅದೂ ಇದೂ ಒಂದೇನಮ್ಮ? ಅದು ದೇಶದ ವಿಷ್ಯ.”

“ಎಲ್ಲಾ ದೇಶದೋರೂ ಇಂಗೇ ಅಣ್ಣ. ಬೇರೆಯೋರು ಮುಚ್ಚಿಟ್ರೆ ಅನ್ಯಾಯ, ನಾವು ಮುಚ್ಚಿಟ್ರೆ ಮರ್ಯಾದೆ. ಅಲ್ಲೂ ಯಾರೋ ಒಬ್ರು, ಊರಿಗೆ ಕೆಟ್ಟೆಸರು ಬೇಡ ಅಂದಿರ್ತಾರೆ.”

ಬ್ಯಾಟರಾಯಪ್ಪ ಪೇಪರ್ ಮಡಿಸತೊಡಗಿದ. ಮುನಿಕೆಂಪಮ್ಮ ಬಿಡಲಿಲ್ಲ.

“ಅವ್ರಿಬ್ರೂ ನಮ್ ಕೆಲ್ಸಕ್ಕೇ ಬಂದಿರ್ಲಿಲ್ಲ ಅಂತ ಲೇಔಟಿನ ಮೇಸ್ತ್ರಿ ಪೊಲೀಸ್ರ ಮುಂದೆ ಅಂದವ್ನೆ. ಗೋಡೆ ಬಿದ್ದಾಗ ನೀನು ಪಕ್ಕದ ತೋಟದಲ್ಲೇ ಇದ್ದೆ. ಇಬ್ರೂ ಇಟ್ಟಿಗೆ ಒರ್ತಿದ್ರು ಅಂತ ನನ್ನತ್ರ ಏಳಿದ್ಯಲ್ಲ? ಕಣ್ಣಾರೆ ಕಂಡೋನೇ ಬಾಯಿ ಬಿಡ್ದಿದ್ರೆ ದಸ್ತಗೀರನ ಎಂಡ್ರು ಯಾರತ್ರ ಓಗ್ಬೇಕು?”

ಬ್ಯಾಟರಾಯಪ್ಪ ಕತ್ತು ಆಚೆ ತಿರುಗಿಸಿದ. ವಠಾರದ ನಲ್ಲಿಯ ಹತ್ತಿರ ದಸ್ತಗೀರನ ಹೆಂಡತಿ ಬಿಂದಿಗೆ ತುಂಬಿಸುತ್ತಿದ್ದಳು. ಒಂದು ತಿಂಗಳಿಂದ ಆಕೆಯ ಮುಖ ನೋಡದೆ ಓಡಾಡುತ್ತಿದ್ದುದು ಅವನಿಗೇ ನಾಚಿಕೆ ತಂದಿತು. ಪೇಪರ್ ಬಿಚ್ಚಿ ‘ಇತರರು’ ಎಂಬುದನ್ನು ಹೊಡೆದುಹಾಕಿ ಎರಡು ಹೆಸರು ಬರೆದ. ಚಪ್ಪಲಿ ಮೆಟ್ಟಿ ನಲ್ಲಿಯ ಹತ್ತಿರ ಹೋದ.

“ಬಾರಮ್ಮ, ಸ್ಟೇಷನ್ನಿಗೆ ಓಗೋಣ. ನಾನು ನೋಡಿದ್ದನ್ನ ಬರೆಸ್ತೀನಿ.”

ಅಕ್ಕಂದಿರೇ, ಅಣ್ಣಂದಿರೇ, ದೂರದ ದೇಶದ ಸಾವಿಗೆ ಮೇಣದಬತ್ತಿ ಹಚ್ಚುವುದು ತಪ್ಪಲ್ಲ. ಪಕ್ಕದ ಮನೆಯ ಸಾವಿಗೆ ಬಾಯಿ ಹೊಲಿದುಕೊಂಡು ಹಚ್ಚಿದರೆ ಅದು ಬರೀ ನಾಟಕ. ಸುದ್ದಿಯವರು ಬಿಟ್ಟದ್ದನ್ನು ನೀವು ಬಿಡಬೇಡಿ. ಕಂಡದ್ದನ್ನು ಹೆಸರು, ತಾರೀಖು ಹಾಕಿ ಬರೆದಿಡಿ. ಗ್ರಾಮಸಭೆಯಲ್ಲಿ ಎದ್ದು ಕೇಳಿ. ಸಾಕ್ಷಿ ಹೇಳಬೇಕಾದವರು ನೀವಾಗಿದ್ದರೆ, ಇವತ್ತೇ ಹೋಗಿ ಹೇಳಿ.